ಗಡಿ ದಾಟುವ ರೋಗಿ, ದಾಟದ ಕಡತ

ವೇದಾವತಿ ಎರಡು ಸಲ ಗಡಿ ದಾಟುತ್ತದೆ. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರು ಸೀಮೆಯಲ್ಲಿ ಕೂಡಿ, ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಹಾದು, ಪರಶುರಾಂಪುರದ ಆಚೆ ಆಂಧ್ರಕ್ಕಿಳಿದು ಭೈರವಾನಿತಿಪ್ಪದ ಅಣೆಕಟ್ಟೆಗೆ ಬಂದು ನಿಲ್ಲುತ್ತವೆ, ನಿಲ್ಲುವಷ್ಟು ನೀರಿದ್ದರೆ. ಮೇಲೆ ಮಾರಿಕಣಿವೆ ಇದೆಯಲ್ಲ, 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೊಮ್ಮೆ ಕೋಡಿ ಬಿದ್ದದ್ದು 2022ರಲ್ಲಿ. ಅಲ್ಲಿಯವರೆಗೆ ಭೈರವಾನಿತಿಪ್ಪಕ್ಕೆ ಸಿಕ್ಕಿದ್ದು ನಡುವಿನ ಹಳ್ಳಗಳ ನೀರಷ್ಟೇ. ಅಲ್ಲಿಂದ ಮುಂದೆ ಹಗರಿ ಎಂಬ ಹೆಸರಿನಲ್ಲಿ ಹೊಳೆ ಮತ್ತೆ ಕರ್ನಾಟಕದ ಬಳ್ಳಾರಿ ಜಿಲ್ಲೆಗೆ ಹೊಕ್ಕು, ಸಿರುಗುಪ್ಪದ ಕಡೆ ತುಂಗಭದ್ರೆ ಸೇರುತ್ತದೆ.

ಈ ಸೀಮೆಯ ರೋಗಿಯದೂ ಅದೇ ದಾರಿ. ಗುಮ್ಮಗಟ್ಟ ಮಂಡಲದ ಹಳ್ಳಿಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ, ಬಸುರಿಗೆ ರಕ್ತದೊತ್ತಡ ಏರಿದರೆ, ಮೊದಲು ರಾಯದುರ್ಗ. ಅಲ್ಲಿ ಆಗದಿದ್ದರೆ ‘ಮುಂದಕ್ಕೆ ಬರೆದುಕೊಡುತ್ತಾರೆ’. ಕಾಗದದ ಮೇಲೆ ಮುಂದೆ ಎಂದರೆ ಅನಂತಪುರದ ಸರ್ಕಾರಿ ದೊಡ್ಡಾಸ್ಪತ್ರೆ. ಆದರೆ ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರು, ಅನಂತಪುರ ಹೆಚ್ಚುಕಡಿಮೆ ಅದರ ಎರಡರಷ್ಟು. ದುಡ್ಡಿನ ಲೆಕ್ಕ, ಹೊತ್ತಿನ ಲೆಕ್ಕ, ನೆಂಟರ ಲೆಕ್ಕ, ಭಾಷೆಯ ಲೆಕ್ಕ ಎಲ್ಲವೂ ಬಳ್ಳಾರಿಯ ಕಡೆಗೇ ವಾಲುತ್ತವೆ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ಇದ್ದದ್ದೇ ಬಳ್ಳಾರಿ ಜಿಲ್ಲೆಯಲ್ಲಿ. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಜಿಲ್ಲೆ ಬದಲಾಗಿ ಏಳು ದಶಕ ದಾಟಿದರೂ ಕಾಯಿಲೆ ಬಿದ್ದವರು ಹಿಡಿಯುವ ದಾರಿ ಮಾತ್ರ ಬದಲಾಗಲಿಲ್ಲ.

ಮಡಕಶಿರಾದ ನಕಾಶೆ ಇನ್ನೂ ವಿಚಿತ್ರ. ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರುಗಳ ನಡುವೆ ಆಂಧ್ರ ಮೂಗು ತೂರಿಸಿದಂತಿದೆ ಆ ತಾಲ್ಲೂಕು. ಪಕ್ಕದ ಪಾವಗಡವೋ ಕರ್ನಾಟಕದ್ದಾಗಿಯೂ ಸುತ್ತ ಆಂಧ್ರವನ್ನೇ ಹೊದ್ದುಕೊಂಡಿದೆ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಮಡಕಶಿರಾದ ಕಡೆಯದೇ. ಅಲ್ಲಿನ ಕನ್ನಡ ಶಾಸನಗಳನ್ನು ನೋಡಿದವರಿಗೆ ಈ ಗಡಿರೇಖೆ ನಿನ್ನೆ ಮೊನ್ನೆ ಎಳೆದದ್ದೆಂದು ಹೇಳಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಕಣ್ಣಿನ ಪೊರೆ ತೆಗೆಸಬೇಕಾದ ಮುದುಕರಿಗೆ ಪಾವಗಡದಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ನಡೆಸುವ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ಹೃದಯದ ಕವಾಟ ಕೆಟ್ಟವರಿಗೆ ಪುಟ್ಟಪರ್ತಿಯಲ್ಲಿ 1991ರಲ್ಲಿ ಶುರುವಾದ, ಬಿಲ್ಲಿಂಗ್ ಕೌಂಟರ್ ಇಲ್ಲದ ಆಸ್ಪತ್ರೆ ಇದೆ. ಕನೇಕಲ್ಲು, ಕಲ್ಯಾಣದುರ್ಗ, ಬತ್ತಲಪಲ್ಲಿಗಳಲ್ಲಿ ಗ್ರಾಮೀಣ ಅಭಿವೃದ್ಧಿ ಟ್ರಸ್ಟಿನ ಆಸ್ಪತ್ರೆಗಳಿವೆ. ಬಾರ್ಸಿಲೋನಾದಿಂದ ಬಂದು 1969ರಲ್ಲಿ ಅನಂತಪುರದಲ್ಲಿ ನೆಲೆನಿಂತ ವಿನ್ಸೆಂಟ್ ಫೆರ್ರರ್ ಕಟ್ಟಿದ ಸಂಸ್ಥೆ ಅದು. ಬಡ ಸೀಮೆ ಹೌದು, ಆದರೆ ಆಸ್ಪತ್ರೆಯೇ ಇಲ್ಲದ ಸೀಮೆಯಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ನಮ್ಮ ದೇಶದಲ್ಲಿ ಆರೋಗ್ಯಸೇವೆಯ ಗುಣಮಟ್ಟ ಅಳೆಯುವ ವ್ಯವಸ್ಥೆ ಒಂದೊಂದು ಕಟ್ಟಡವನ್ನು ಅಳೆಯುತ್ತದೆ. ಗುಮ್ಮಗಟ್ಟದ ಕೇಂದ್ರಕ್ಕೊಂದು ಅಂಕ, ರಾಯದುರ್ಗದ ಆಸ್ಪತ್ರೆಗೊಂದು ಅಂಕ, ಬಳ್ಳಾರಿಯ ಆಸ್ಪತ್ರೆಗೊಂದು ಅಂಕ. ಇವುಗಳ ನಡುವಿನ ದಾರಿಗೆ ಅಂಕ ಕೊಡುವವರು ಯಾರೂ ಇಲ್ಲ. ರೋಗಿ ಕೈತಪ್ಪುವುದು ಬಹುಪಾಲು ಆ ದಾರಿಯಲ್ಲೇ ಎಂಬುದು ನನ್ನ ತಕರಾರು.

ಅಂಕಪಟ್ಟಿಯ ಕಥೆ

ಅಳತೆಪಟ್ಟಿಯನ್ನು ಮೊದಲು ಹೊಗಳಿಬಿಡುತ್ತೇನೆ. 2013ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತಂದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು, ಕಚೇರಿ ಭಾಷೆಯಲ್ಲಿ ಎನ್‌ಕ್ಯೂಎಎಸ್, ನಿಜಕ್ಕೂ ಯೋಚಿಸಿ ಮಾಡಿದ ಕೆಲಸ. ಎಂಟು ವಿಭಾಗ: ಏನೇನು ಸೇವೆ ಸಿಗುತ್ತದೆ, ರೋಗಿಯ ಹಕ್ಕುಗಳೇನು, ಸಿಬ್ಬಂದಿ ಮತ್ತು ಸಲಕರಣೆ, ಬೆಂಬಲ ಸೇವೆ, ಚಿಕಿತ್ಸೆ, ಸೋಂಕು ತಡೆ, ಗುಣಮಟ್ಟ ನಿರ್ವಹಣೆ, ಕೊನೆಗೆ ಫಲಿತಾಂಶ. ಪ್ರತಿ ಅಂಶಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ನೂರಕ್ಕೆ 70 ಬಂದರೆ ಪಾಸು, ಸರ್ಟಿಫಿಕೇಟು ಮೂರು ವರ್ಷ. ಪರಿಶೀಲಕರು ಬರಿ ರಿಜಿಸ್ಟರ್ ತಿರುವಿ ಹೋಗುವಂತಿಲ್ಲ. ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ರೋಗಿಯನ್ನೂ ಮಾತಾಡಿಸಬೇಕು. ‘ಮಾತ್ರೆ ಯಾವಾಗ ತಗೋಬೇಕು ಅಂತ ಹೇಳಿದ್ರಾ?’ ಎಂದು ಮಂಚದ ಮೇಲಿದ್ದವರನ್ನು ಕೇಳುವ ಸರ್ಕಾರಿ ತಪಾಸಣೆ ನಮ್ಮಲ್ಲಿ ಅದಕ್ಕೆ ಮೊದಲು ಎಷ್ಟಿತ್ತು?

2015ರಲ್ಲಿ ಬಂದ ಕಾಯಕಲ್ಪ ಸ್ವಚ್ಛತೆಗೆ ಬಹುಮಾನ ಕೊಟ್ಟಿತು. 2017ರ ಕೊನೆಗೆ ಬಂದ ಲಕ್ಷ್ಯ ಹೆರಿಗೆ ಕೋಣೆಯನ್ನೇ ಪ್ರತ್ಯೇಕವಾಗಿ ನೋಡಿತು. ಕಾಯಕಲ್ಪ ಬಂದ ಮೇಲೆ ಆಸ್ಪತ್ರೆಯ ಶೌಚಾಲಯದ ಬಾಗಿಲಿಗೆ ಚಿಲಕ ಬಂದದ್ದನ್ನು ಕಂಡ ಯಾರೂ ಅದನ್ನು ಬರಿ ಸುಣ್ಣಬಣ್ಣದ ಯೋಜನೆ ಎಂದು ತಳ್ಳಿಹಾಕಲಾರರು. ಸುಣ್ಣಬಣ್ಣವೂ ಇರುತ್ತದೆ, ಪರಿಶೀಲಕರು ಬರುವ ವಾರದಲ್ಲಿ ಹೂಕುಂಡಗಳೂ ಬರುತ್ತವೆ. ಆದರೆ ಮದುವೆಗೆಂದು ಬಳಿದ ಬಣ್ಣ ಮದುವೆ ಮುಗಿದ ಮೇಲೂ ಗೋಡೆಯ ಮೇಲೇ ಇರುತ್ತದಲ್ಲ.

ಪಟ್ಟಿ ಹಿಡಿದು ಕೆಲಸ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದ್ದೇ ಒಂದು ಸಾಕ್ಷ್ಯ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಸುರಕ್ಷಿತ ಹೆರಿಗೆ ತಪಾಸಣಾ ಪಟ್ಟಿ’ಯ ಪ್ರಾಯೋಗಿಕ ಅಧ್ಯಯನ ನಡೆದದ್ದು 2010ರಲ್ಲಿ, ನಮ್ಮ ರಾಜ್ಯದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ. ಕೈ ತೊಳೆಯುವುದು, ಬಸುರಿಯ ರಕ್ತದೊತ್ತಡ ನೋಡುವುದು, ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಸೂಜಿ ಕೊಡುವುದು, ಮಗುವನ್ನು ತಾಯಿಯ ಎದೆಗೆ ಹಾಕುವುದು, ಹೀಗೆ 29 ಕ್ರಮ. ಪಟ್ಟಿ ಬರುವ ಮೊದಲು ಸರಾಸರಿ ಹತ್ತು ಕ್ರಮಗಳು ನಡೆಯುತ್ತಿದ್ದವು. ಬಂದ ಮೇಲೆ 25. ಅಲ್ಲಿನ ನರ್ಸುಗಳಿಗೆ ಮೊದಲು ತಿಳಿವಳಿಕೆ ಇರಲಿಲ್ಲವೆಂದಲ್ಲ. ರಾತ್ರಿ ಮೂರು ಗಂಟೆಗೆ ಎರಡು ಹೆರಿಗೆ ಒಟ್ಟಿಗೆ ಬಂದಾಗ ತಿಳಿದದ್ದೆಲ್ಲ ಕೈಗೆ ಬರುವುದಿಲ್ಲ, ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖಾಂತದ ಕಥೆ. ಆದರೆ ಅದೇ ಪಟ್ಟಿಯನ್ನು ಮುಂದೆ ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ಪಟ್ಟಿ ಬಳಸಿದ ಕೇಂದ್ರಗಳಲ್ಲಿ ನಡವಳಿಕೆ ಸುಧಾರಿಸಿತ್ತು, ಕೈ ತೊಳೆಯುವುದು ಹೆಚ್ಚಿತ್ತು. ತಾಯಿ-ಮಗುವಿನ ಸಾವು ಮಾತ್ರ ಕಡಿಮೆಯಾಗಲಿಲ್ಲ. ಅರೆಬರೆ ಸುಧಾರಣೆ ಸಾಲದು, ಸಣ್ಣ ಕೇಂದ್ರಕ್ಕೆ ಮೀರಿದ ತೊಡಕು ಬಂದಾಗ ಮುಂದೆ ಕರೆದೊಯ್ಯುವ ವ್ಯವಸ್ಥೆ, ಶಸ್ತ್ರಚಿಕಿತ್ಸೆ, ರಕ್ತ ಇಲ್ಲದಿದ್ದರೆ ಹೆರಿಗೆ ಕೋಣೆಯ ಶಿಸ್ತು ಒಂದೇ ಪ್ರಾಣ ಉಳಿಸದು ಎಂದು ಹಲವರು ಅದನ್ನು ವಿವರಿಸಿದರು. ನನಗೂ ಹಾಗೇ ತೋರುತ್ತದೆ. ಗುಮ್ಮಗಟ್ಟದ ಕೇಂದ್ರ ನೂರಕ್ಕೆ ತೊಂಬತ್ತು ಅಂಕ ತೆಗೆಯಬಹುದು. ಅಲ್ಲಿಂದ ಹೊರಟ ಆಂಬುಲೆನ್ಸ್ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ಕಾದಿದೆ ಎನ್ನುವುದು ಬೇರೆಯೇ ಪ್ರಶ್ನೆ.

ಬಳ್ಳಾರಿ, ನವೆಂಬರ್ 2024

ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 2024ರ ನವೆಂಬರ್ 9ರಿಂದ 11ರವರೆಗೆ 34 ಸಿಸೇರಿಯನ್ ಹೆರಿಗೆಗಳಾದವು. ಅವರಲ್ಲಿ ಏಳು ಬಾಣಂತಿಯರಿಗೆ ಒಂದೇ ಬಗೆಯ ತೊಂದರೆ ಕಾಣಿಸಿತು: ಮೂತ್ರಪಿಂಡ ಕೈಕೊಟ್ಟಿತು, ಆಮೇಲೆ ಒಂದೊಂದೇ ಅಂಗ. ಐವರು ತೀರಿಕೊಂಡರು, ಕೊನೆಯವರು ಡಿಸೆಂಬರ್ 5ರಂದು. ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಹಳ್ಳಿಯವರು ‘ಬಾಟ್ಲಿ ಏರಿಸಿದರು’ ಎನ್ನುತ್ತಾರಲ್ಲ, ಆ ಬಾಟ್ಲಿ. ಉಪ್ಪು, ಲ್ಯಾಕ್ಟೇಟ್, ಶುದ್ಧ ನೀರು. ಆಸ್ಪತ್ರೆಯಲ್ಲಿ ಇದಕ್ಕಿಂತ ಸಾಮಾನ್ಯವಾದ ಔಷಧಿ ಸಿಗುವುದು ಕಷ್ಟ. ಸಾಮಾನ್ಯವಾದ್ದರಿಂದಲೇ ಅದರ ಶುದ್ಧತೆಯನ್ನು ವಾರ್ಡಿನಲ್ಲಿ ಯಾರೂ ಅನುಮಾನಿಸುವುದಿಲ್ಲ. ನೇರ ರಕ್ತನಾಳಕ್ಕೆ ಹೋಗುವ ನೀರಿನಲ್ಲಿ ಬ್ಯಾಕ್ಟೀರಿಯಾದ ವಿಷ ಒಂದಿಷ್ಟಿದ್ದರೂ ದೇಹ ತಡೆಯದು, ಕಣ್ಣಿಗೆ ಮಾತ್ರ ಅದು ತಿಳಿನೀರೇ.

ಆ ಬಾಟ್ಲಿಗಳನ್ನು ಪೂರೈಸಿದ್ದು ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪನಿ, ಕೊಂಡದ್ದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಆಮೇಲೆ ಹೊರಬಿದ್ದ ಸಂಗತಿ ಇದು: ಆ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ‘ಗುಣಮಟ್ಟವಿಲ್ಲ’ ಎಂದು ತಿರಸ್ಕರಿಸಿತ್ತು. ಅವುಗಳಲ್ಲಿ ಕೆಲವನ್ನು ಕೋಲ್ಕತ್ತದ ಕೇಂದ್ರ ಪ್ರಯೋಗಾಲಯ ‘ಸರಿ ಇವೆ’ ಎಂದಿತು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಪ್ರಕಾರ ಕೇಂದ್ರದ ವರದಿಯದೇ ಅಂತಿಮ ಮಾತು. ತಡೆಹಿಡಿದ ದಾಸ್ತಾನು ಮತ್ತೆ ಬಳಕೆಗೆ ಬಂತು. ಸಾವುಗಳಾದ ಮೇಲೆ ಸರ್ಕಾರ ರಾಜ್ಯ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನೀಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಅದೇ ಕಂಪನಿಯ ದ್ರಾವಣದತ್ತ. ಬಳ್ಳಾರಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದು ಅಷ್ಟೊತ್ತಿಗೆ ತಿಂಗಳು ಕಳೆದಿತ್ತು.

ಇದನ್ನು ಬರೀ ಒಂದು ಕಂಪನಿಯ ಅಥವಾ ಒಬ್ಬ ಅಧಿಕಾರಿಯ ಕಥೆಯಾಗಿ ಓದಿದರೆ ನಾವು ತಪ್ಪುತ್ತೇವೆ. ಜಿಲ್ಲಾಸ್ಪತ್ರೆಯ ಹೆರಿಗೆ ಕೋಣೆ ಯಾವ ಅಂಕಪಟ್ಟಿಯಲ್ಲಿ ಎಷ್ಟೇ ಅಂಕ ತೆಗೆದಿರಲಿ, ಆ ಬಾಟ್ಲಿಯನ್ನು ಹಿಡಿಯುವ ಬಲೆ ಅಲ್ಲಿರಲಿಲ್ಲ. ಬಲೆ ಇರಬೇಕಾದದ್ದು ಗೋದಾಮಿನಲ್ಲಿ, ಪ್ರಯೋಗಾಲಯದಲ್ಲಿ. ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳಿದಾಗ ಸಂಶಯದ ಲಾಭ ಬಾಣಂತಿಗೆ ಸಿಗಬೇಕೋ ಬಾಟ್ಲಿಗೆ ಸಿಗಬೇಕೋ ಎಂದು ತೀರ್ಮಾನಿಸುವ ಮೇಜಿನಲ್ಲಿ. ತಮಿಳುನಾಡು ವೈದ್ಯಕೀಯ ಸೇವಾ ನಿಗಮ ತೊಂಬತ್ತರ ದಶಕದ ನಡುವಿನಿಂದಲೇ ಬ್ಯಾಚು ಬ್ಯಾಚನ್ನೂ ಪರೀಕ್ಷೆಗೆ ಕಳಿಸಿ, ಪಾಸಾದ ಮೇಲಷ್ಟೇ ಗೋದಾಮಿನಿಂದ ಬಿಡುವ ಪದ್ಧತಿ ಕಟ್ಟಿಕೊಂಡಿತು. ಬೇರೆ ರಾಜ್ಯಗಳ ಹಲವು ನಿಗಮಗಳು ಅದನ್ನು ನೋಡಿಯೇ ಹುಟ್ಟಿದವು. ನಕಲು ಮಾಡುವಾಗ ಕೆಲವರು ಗೋದಾಮನ್ನು ಕಟ್ಟಿದರು, ಗೋದಾಮಿನ ಜಗಳಗಂಟತನವನ್ನು ತರಲು ಮರೆತರು.

ಆ ಸಾವುಗಳ ಬಿಸಿಯಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಾದ 464 ತಾಯಂದಿರ ಸಾವುಗಳ ಪರಿಶೋಧನೆ ಮಾಡಿಸಿ, ವರದಿಯನ್ನು 2025ರಲ್ಲಿ ಜನರ ಮುಂದಿಟ್ಟಿತು. ನೂರಕ್ಕೆ ಎಪ್ಪತ್ತರಷ್ಟು ಸಾವುಗಳನ್ನು ತಡೆಯಬಹುದಿತ್ತು ಎಂದಿತು ಆ ವರದಿ. ಹದಿನೆಂಟು ಸಾವುಗಳ ನಂಟು ರಿಂಗರ್ ಲ್ಯಾಕ್ಟೇಟ್‌ಗೆ ಇದೆ ಎಂದೂ ಹೇಳಿತು. ಹದಿನೆಂಟು ದೊಡ್ಡ ಸಂಖ್ಯೆಯೇ; ಆದರೆ ಉಳಿದ ತಡೆಯಬಹುದಾದ ನೂರಾರು ಸಾವುಗಳಿಗೆ ಬಾಟ್ಲಿಯಂಥ ಖಳನಾಯಕ ಇಲ್ಲ. ಅಲ್ಲಿರುವುದು ತಡ. ತಡವಾಗಿ ಗುರುತಿಸಿದ ರಕ್ತದೊತ್ತಡ, ತಡವಾಗಿ ಬರೆದುಕೊಟ್ಟ ಚೀಟಿ, ತಡವಾಗಿ ಸಿಕ್ಕ ರಕ್ತ. 2018–20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತಿದ್ದರು. ಆಂಧ್ರದಲ್ಲಿ 45, ಕೇರಳದಲ್ಲಿ 19. ದಕ್ಷಿಣದಲ್ಲಿ ನಮ್ಮದೇ ಹೆಚ್ಚು. ಹಾಗೆ ನೋಡಿದರೆ ರಾಯದುರ್ಗದ ಬಸುರಿ, ಹತ್ತಿರವೆಂದು ನಂಬಿ ಬರುವುದು ಅಂಕಿಅಂಶದಲ್ಲಿ ಹಿಂದಿರುವ ರಾಜ್ಯಕ್ಕೆ. ಅವಳಿಗೆ ಬೇಕಾದದ್ದು ರಾಜ್ಯದ ಸರಾಸರಿಯಲ್ಲ, 50 ಕಿಲೋಮೀಟರು.

ಆಸ್ಪತ್ರೆ ಮುಟ್ಟಿದ ಮೇಲೂ ಪ್ರಾಣ ಹೋಗುತ್ತದೆ ಎಂಬುದನ್ನು ಜಗತ್ತಿನ ಲೆಕ್ಕವೂ ಹೇಳುತ್ತದೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆಯಿಂದ ತಪ್ಪಿಸಬಹುದಾದ ಸಾವುಗಳನ್ನು ಎಣಿಸಿತು. ಭಾರತದಲ್ಲಿ ವರ್ಷಕ್ಕೆ ಸುಮಾರು 24 ಲಕ್ಷ. ಅದರಲ್ಲಿ ಆಸ್ಪತ್ರೆಯ ಮೆಟ್ಟಿಲೇ ಹತ್ತದೆ ಸತ್ತವರು ಎಂಟು ಲಕ್ಷ ಚಿಲ್ಲರೆ. ಹತ್ತಿಯೂ ಕಳಪೆ ಚಿಕಿತ್ಸೆಯಿಂದ ಸತ್ತವರು ಸುಮಾರು 16 ಲಕ್ಷ. ಊರಿಗೊಂದು ಆಸ್ಪತ್ರೆ ಕಟ್ಟಿಸಿಕೊಡಿ ಎಂದು ಮೂರು ತಲೆಮಾರು ಮನವಿ ಕೊಟ್ಟ ನಮಗೆ ಈ ಲೆಕ್ಕ ಅರಗಿಸಿಕೊಳ್ಳಲು ಹೊತ್ತು ಬೇಕು.

ಯಾರ ಕಾರ್ಡು, ಯಾರ ಹೆರಿಗೆ

ಸರ್ಕಾರಿ ವಿಮೆಯ ಚರಿತ್ರೆಯಲ್ಲಿ ಅನಂತಪುರಕ್ಕೆ ಮೊದಲ ಸಾಲಿನ ಜಾಗವಿದೆ. ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ 2007ರ ಏಪ್ರಿಲ್‌ನಲ್ಲಿ ಆರೋಗ್ಯಶ್ರೀ ಆರಂಭಿಸಿದ್ದು ಮೂರು ಹಿಂದುಳಿದ ಜಿಲ್ಲೆಗಳಲ್ಲಿ: ಮೆಹಬೂಬನಗರ, ಶ್ರೀಕಾಕುಳಂ, ಅನಂತಪುರ. ಕರ್ನಾಟಕ ಅದಕ್ಕೂ ಮೊದಲೇ, 2003ರಲ್ಲಿ, ಸಹಕಾರಿ ರೈತರಿಗಾಗಿ ಯಶಸ್ವಿನಿ ತಂದಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಬೆಸೆದುಕೊಂಡಿತು. ಆಂಧ್ರದಲ್ಲಿ ಯೋಜನೆಯ ಹೆಸರು ಸರ್ಕಾರದ ಜೊತೆಗೇ ಬದಲಾಯಿತು: ಎನ್‌ಟಿಆರ್ ವೈದ್ಯ ಸೇವೆ, ವೈಎಸ್ಆರ್ ಆರೋಗ್ಯಶ್ರೀ, ಮತ್ತೆ ಎನ್‌ಟಿಆರ್ ವೈದ್ಯ ಸೇವೆ. ಹಳ್ಳಿಯವರ ಬಾಯಲ್ಲಿ ಅದು ಆರೋಗ್ಯಶ್ರೀಯೇ.

ಕೇಂದ್ರದ ಪಟ್ಟಿಯಲ್ಲಿ ಹೆಸರಿರುವ ಆಯುಷ್ಮಾನ್ ಕಾರ್ಡುದಾರ ಕುಟುಂಬಕ್ಕೆ ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲೂ ವರ್ಷಕ್ಕೆ ಐದು ಲಕ್ಷದವರೆಗಿನ ಒಳರೋಗಿ ಚಿಕಿತ್ಸೆ ಸಿಗಬೇಕು. ರಾಜ್ಯ ದಾಟಿದರೂ ಸರಿ. ರಾಜ್ಯವೇ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬಗಳ ಕಾರ್ಡಿನ ಕಥೆ ಬೇರೆ. ರೋಗಿಗೆ ಈ ಎರಡು ಬಗೆಯ ವ್ಯತ್ಯಾಸ ಗೊತ್ತಾಗುವುದು ಕೌಂಟರಿನ ಮುಂದೆ ನಿಂತಾಗ. ಇನ್ನು ಈ ಸೀಮೆಯ ಜನರನ್ನು ದಿನವೂ ಹಿಂಡುವ ಕಾಯಿಲೆಗಳು ಒಳರೋಗಿಯ ಕಾಯಿಲೆಗಳೇ ಅಲ್ಲ. ಬೋರ್‌ವೆಲ್ಲಿನ ಫ್ಲೋರೈಡ್‌ನಿಂದ ಕಟ್ಟಿದ ಕೀಲು, ಸಕ್ಕರೆ ಕಾಯಿಲೆ, ರಕ್ತದೊತ್ತಡ. ಇವಕ್ಕೆ ಮಂಚ ಬೇಡ, ತಿಂಗಳು ತಿಂಗಳು ತಪ್ಪದ ಮಾತ್ರೆ ಬೇಕು, ಕುಡಿಯಲು ಒಳ್ಳೆಯ ನೀರು ಬೇಕು. ಸತ್ಯಸಾಯಿ ಟ್ರಸ್ಟ್ ತೊಂಬತ್ತರ ದಶಕದಲ್ಲಿ ಅನಂತಪುರ ಜಿಲ್ಲೆಯ 731 ಹಳ್ಳಿಗಳಿಗೆ ನೀರು ಕೊಟ್ಟದ್ದನ್ನು ಯಾವ ಆಸ್ಪತ್ರೆಯ ಅಂಕಪಟ್ಟಿಯೂ ಲೆಕ್ಕ ಹಿಡಿಯಲಿಲ್ಲ. ಮೂಳೆಗಳ ಮಟ್ಟಿಗೆ ಎಷ್ಟೋ ಆಸ್ಪತ್ರೆಗಳು ಮಾಡುವುದಕ್ಕಿಂತ ದೊಡ್ಡ ಕೆಲಸ ಅದು.

ಗಡಿಯ ತೊಡಕು ಎಲ್ಲಕ್ಕಿಂತ ಹೆಚ್ಚು ಕಾಣುವುದು ಬಾಣಂತನದಲ್ಲಿ. ಮೊಳಕಾಲ್ಮೂರಿನ ಹುಡುಗಿಯನ್ನು ರಾಯದುರ್ಗಕ್ಕೆ ಕೊಡುತ್ತಾರೆ, ರಾಯದುರ್ಗದವಳನ್ನು ಚಳ್ಳಕೆರೆಗೆ ತರುತ್ತಾರೆ. ಹೆಣ್ಣು ಕೊಟ್ಟು ತರುವವರು ರಾಜ್ಯ ಕೇಳುವುದಿಲ್ಲ, ಬೆಡಗು ಕೇಳುತ್ತಾರೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಹಾಗಾಗಿ ಮೊದಲ ಆರೇಳು ತಿಂಗಳ ತಪಾಸಣೆ ಗಂಡನ ಊರಿನ ಆರೋಗ್ಯ ಸಹಾಯಕಿ ಎಎನ್‌ಎಂ ಬಳಿ, ತೆಲುಗಿನ ಕಾರ್ಡಿನಲ್ಲಿ; ಸೀಮಂತ ಆದ ಮೇಲೆ ತವರಿಗೆ ಬಂದು ಅಲ್ಲಿನ ಆಶಾ ಕಾರ್ಯಕರ್ತೆಯ ಬಳಿ ಮತ್ತೊಂದು ತಾಯಿ ಕಾರ್ಡು, ಕನ್ನಡದಲ್ಲಿ. ಆರನೇ ತಿಂಗಳಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು, ರಕ್ತದೊತ್ತಡ ಯಾವಾಗ ಏರತೊಡಗಿತು ಎನ್ನುವುದು ಹಳೇ ಕಾರ್ಡಿನಲ್ಲಿದೆ. ಹಳೇ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲಿದ್ದರೆ ಹೆರಿಗೆ ಕೋಣೆಯ ವೈದ್ಯರಿಗೆ ಆ ಬಸುರಿ ಅಂದೇ ಹುಟ್ಟಿದವಳು.

ಕಾಗದದಲ್ಲಿ ಪರಿಹಾರ ಇದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ತೆರೆದ ಆಯುಷ್ಮಾನ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತದೆ. ದಾಖಲೆ ಎಲ್ಲಿದ್ದರೂ ಒಪ್ಪಿಗೆ ಕೊಟ್ಟರೆ ಇನ್ನೊಂದು ಆಸ್ಪತ್ರೆ ನೋಡಬಹುದು. ಆದರೆ ಆ ದಾಖಲೆ ಸೃಷ್ಟಿಯಾಗಬೇಕಲ್ಲ. ಎಎನ್‌ಎಂ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದದ್ದನ್ನು ಸಂಜೆ ಆ್ಯಪಿಗೆ ತುಂಬಿಸಿ, ಆಮೇಲೆ ಇನ್ನೊಂದು ಪೋರ್ಟಲ್ಲಿಗೆ ತುಂಬಿಸುತ್ತಾಳೆ. ಗುಣಮಟ್ಟದ ಹೆಸರಿನಲ್ಲಿ ಬರುವ ಪ್ರತಿ ಹೊಸ ನಮೂನೆಯೂ ಅವಳ ಕೈಯಿಂದ ರೋಗಿಯ ಹತ್ತು ನಿಮಿಷ ಕಿತ್ತುಕೊಳ್ಳುತ್ತದೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಸಂಶೋಧಕರು ತರಬೇತಿ ಕೊಟ್ಟವರನ್ನು ರೋಗಿಗಳ ವೇಷದಲ್ಲಿ ಕಳಿಸಿ ಅಳೆದಾಗ ಒಬ್ಬ ರೋಗಿಗೆ ಸಿಕ್ಕ ಸಮಯ ಸರಾಸರಿ ನಾಲ್ಕು ನಿಮಿಷಕ್ಕೂ ಕಡಿಮೆ. ಅಷ್ಟು ಚಿಕ್ಕ ಭೇಟಿಯಿಂದ ಹತ್ತು ನಿಮಿಷ ಕೀಳುವುದು ಗಣಿತಕ್ಕೇ ಒಗ್ಗದ ಮಾತು.

ತಲಪಾಡಿಯ ಮಣ್ಣು

ಗಡಿ ಗಟ್ಟಿಯಾದರೆ ಏನಾಗುತ್ತದೆಂದು ಕನ್ನಡಿಗರು ಒಮ್ಮೆ ನೋಡಿದ್ದಾರೆ, ಅದೂ ನಾವೇ ಮುಚ್ಚಿದ ಗಡಿಯಲ್ಲಿ. 2020ರ ಮಾರ್ಚ್ ಕೊನೆಗೆ ಕೋವಿಡ್ ಭಯದಲ್ಲಿ ಕರ್ನಾಟಕ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಮಂಜೇಶ್ವರ, ಕುಂಬಳೆಯವರಿಗೆ ಡಯಾಲಿಸಿಸ್ಸು, ಹೆರಿಗೆ, ಹೃದಯ ಎಂದರೆ ತಲೆಮಾರುಗಳಿಂದ ಮಂಗಳೂರೇ; ಕೇರಳದ ದೊಡ್ಡಾಸ್ಪತ್ರೆ ಎಷ್ಟೋ ದೂರ. ದಾರಿ ಮುಚ್ಚಿದ್ದರಿಂದ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರಂದು ತುರ್ತು ರೋಗಿಗಳ ಮಟ್ಟಿಗೆ ಎರಡೂ ರಾಜ್ಯ ಒಂದು ಪದ್ಧತಿಗೆ ಒಪ್ಪಿದವು. ಮರುವರ್ಷ ಮೇ ತಿಂಗಳಲ್ಲಿ ತೆಲಂಗಾಣ ಆಂಧ್ರದ ಆಂಬುಲೆನ್ಸುಗಳನ್ನು ತಡೆದಾಗಲೂ ಹೈಕೋರ್ಟೇ ಬರಬೇಕಾಯಿತು.

ಆ ದಿನಗಳ ಪಾಠವೆಂದು ಗಡಿಯುದ್ದಕ್ಕೂ ಏನಾದರೂ ಶಾಶ್ವತ ಒಪ್ಪಂದ ಬರಬಹುದಿತ್ತು. ಮಂಗಳೂರು–ಕಾಸರಗೋಡು, ಬಳ್ಳಾರಿ–ರಾಯದುರ್ಗ, ಪಾವಗಡ–ಮಡಕಶಿರಾ, ಮೂರಕ್ಕೂ ಒಂದೇ ಬಗೆಯ ವ್ಯವಸ್ಥೆ. ಮಣ್ಣು ತೆಗೆದರು, ಮರೆತರು.

ಮರೆಯದವರೂ ಇದ್ದಾರೆ. ಪಿರಿನೀಸ್ ಬೆಟ್ಟಗಳಲ್ಲಿ ಸ್ಪೇನ್–ಫ್ರಾನ್ಸ್ ಗಡಿಗೆ ಅಂಟಿಕೊಂಡ ಸೆರ್ದಾನ್ಯಾ ಎಂಬ ಕಣಿವೆ ಇದೆ, ಫೆರ್ರರ್ ಅವರ ತಾಯ್ನಾಡು ಕ್ಯಾಟಲೋನಿಯಾದ ಮೂಲೆಯಲ್ಲಿ. ಕಣಿವೆ ಒಂದೇ, ದೇಶ ಎರಡು. ಫ್ರಾನ್ಸಿನ ಕಡೆಯ ಬಸುರಿಯರು ಹಿಮ ಬಿದ್ದ ದಾರಿಯಲ್ಲಿ ಪರ್ಪಿನ್ಯಾನಿನವರೆಗೆ ಇಳಿಯಬೇಕಿತ್ತು. ಎರಡೂ ಕಡೆಯವರು ಸೇರಿ ಪುಯಿಗ್‌ಸೆರ್ದಾ ಊರಿನಲ್ಲಿ ಕಟ್ಟಿದ ಒಂದೇ ಆಸ್ಪತ್ರೆ 2014ರಲ್ಲಿ ಬಾಗಿಲು ತೆರೆಯಿತು. ಖರ್ಚಿನಲ್ಲಿ ಕ್ಯಾಟಲೋನಿಯಾದ್ದು 60 ಪಾಲು, ಫ್ರಾನ್ಸಿನದು 40. ಮಾತು ಮೂರು ಭಾಷೆಗಳಲ್ಲಿ. ತೊಡಕುಗಳೂ ಬೇಕಾದಷ್ಟು ಬಂದವು: ಹುಟ್ಟಿದ ಮಗುವಿನ ನೋಂದಣಿ ಎಲ್ಲಿ, ಹೆಣವನ್ನು ಗಡಿ ದಾಟಿಸುವುದು ಹೇಗೆ. ಎರಡು ದೇಶಗಳ ಕಾನೂನು ಇದನ್ನೆಲ್ಲ ಕೂತು ಬಗೆಹರಿಸಿಕೊಳ್ಳುತ್ತಿರುವಾಗ, ಒಂದೇ ದೇಶದ ಎರಡು ಜಿಲ್ಲೆಗಳಿಗೆ ಹೊಸ ಆಸ್ಪತ್ರೆಯೂ ಬೇಡ, ಹೊಸ ಕಾನೂನೂ ಬೇಡ.

ಬೇಕಾದದ್ದು ಇಷ್ಟು. ಬಳ್ಳಾರಿಯಲ್ಲಿ ಆಂಧ್ರದ ಬಾಣಂತಿ ತೀರಿಕೊಂಡರೆ ಆ ಸಾವಿನ ಪರಿಶೋಧನೆಯಲ್ಲಿ ಅನಂತಪುರದ ಅಧಿಕಾರಿಯೂ ಕೂರಬೇಕು. ಅವಳು ಯಾವ ಊರಿನ ಕೇಂದ್ರದಿಂದ ಎಷ್ಟು ಹೊತ್ತಿಗೆ ಹೊರಟಳು, ಎಲ್ಲೆಲ್ಲಿ ನಿಂತಳು, ಎಷ್ಟು ಕಡೆ ‘ಮುಂದಕ್ಕೆ’ ಬರೆದರು ಎಂಬುದು ಒಂದೇ ಹಾಳೆಯಲ್ಲಿ ಇರಬೇಕು. ರಾಯದುರ್ಗದ ವೈದ್ಯರು ಬರೆಯುವ ಚೀಟಿ ಬಳ್ಳಾರಿಯಲ್ಲಿ ಓದಿಸಿಕೊಳ್ಳುವಂತಿರಬೇಕು, ಹೊರಡುವ ಮೊದಲು ಒಂದು ಫೋನು ಹೋಗಬೇಕು. ಔಷಧದ ಬ್ಯಾಚೊಂದು ಒಂದು ರಾಜ್ಯದಲ್ಲಿ ನಪಾಸಾದರೆ ಪಕ್ಕದ ರಾಜ್ಯದ ಗೋದಾಮಿಗೆ ಅದೇ ದಿನ ಗೊತ್ತಾಗಬೇಕು. ಮೇದಿನೀಪುರದ ಸಾವಿನವರೆಗೆ ಕಾಯಬಾರದು. ಎನ್‌ಕ್ಯೂಎಎಸ್ ಪರಿಶೀಲಕರು ಗುಮ್ಮಗಟ್ಟಕ್ಕೆ ಬಂದಾಗ, ಇಲ್ಲಿಂದ ಕಳಿಸಿದ ಹತ್ತು ರೋಗಿಗಳ ಗತಿ ಏನಾಯಿತು ಎಂದು ಕೇಳಬೇಕು. ಉತ್ತರ ಗೊತ್ತಿಲ್ಲದಿದ್ದರೆ ಸೊನ್ನೆ. ಈ ಒಂದು ಪ್ರಶ್ನೆಗೆ ಸಿಗುವ ಸೊನ್ನೆಗೆ ಹೆದರಿಯಾದರೂ ಫೋನುಗಳು ಓಡಾಡತೊಡಗುತ್ತವೆ.

ಎಲ್ಲಕ್ಕಿಂತ ಸುಲಭದ್ದು, ಆದ್ದರಿಂದಲೇ ಯಾರೂ ಮಾಡದ್ದು, ಬಿಡುಗಡೆಯ ಸುದ್ದಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡಬೇಕೆಂಬ ನಿಯಮ ದೇಶಕ್ಕೆಲ್ಲ ಒಂದೇ. ಮಗು ಹಾಲು ಎಳೆಯುತ್ತಿದೆಯೇ, ಹೊಕ್ಕುಳು ಒಣಗಿದೆಯೇ, ತಾಯಿಗೆ ಜ್ವರವಿದೆಯೇ, ರಕ್ತ ಹೋಗುತ್ತಿದೆಯೇ. ಬಳ್ಳಾರಿಯಲ್ಲಿ ಹೆತ್ತು, ಮೊಳಕಾಲ್ಮೂರಿನ ತವರಿಗೆ ಹೋಗದೆ ನೇರ ಗುಮ್ಮಗಟ್ಟದ ಗಂಡನ ಮನೆಗೆ ಮರಳಿದವಳು ಯಾವ ಆಶಾಳ ಪಟ್ಟಿಯಲ್ಲಿದ್ದಾಳೆ? ಕರ್ನಾಟಕದ ಪಟ್ಟಿಯಲ್ಲಿ ಅವಳು ಊರು ಬಿಟ್ಟವಳು, ಆಂಧ್ರದ ಪಟ್ಟಿಯಲ್ಲಿ ಇನ್ನೂ ಹೆರದವಳು. ಸಹಜ ಹೆರಿಗೆಯಾದವರನ್ನು 48 ಗಂಟೆಯ ಮೇಲೆ ಮನೆಗೆ ಕಳಿಸುತ್ತಾರೆ. ಆರರಲ್ಲಿ ಮೊದಲ ಭೇಟಿ ಇರುವುದು ಮೂರನೇ ದಿನ.